ಬ್ರಿಟನ್ನಿನ ಹಳೆಯ ಫುಟ್‌ಬಾಲ್ ಮೈದಾನವನ್ನು ಓದುವುದು ಹೇಗೆ: ಹೊರಗೋಡೆಯಿಂದ ಚಾವಣಿಯವರೆಗೆ

ಬ್ರಿಟನ್ನಿನ ಹಳೆಯ ಫುಟ್‌ಬಾಲ್ ಮೈದಾನಗಳಲ್ಲಿ ಒಂದೇ ಏಟಿಗೆ ಕಟ್ಟಿ ಮುಗಿಸಿದ್ದು ಸಿಗುವುದೇ ಅಪರೂಪ. ಒಂದು ಬದಿ 1905ರದ್ದು, ಎದುರು ಬದಿ 1972ರದ್ದು, ಗೋಲಿನ ಹಿಂದಿನ ಮೆಟ್ಟಿಲು 1930ರ ದಶಕದ್ದು, ಅದರ ಮೇಲಿನ ಕುರ್ಚಿ 1990ರ ದಶಕದ್ದು. ಪ್ರವಾಸದ ಫಲಕದಲ್ಲಿ ಒಂದೇ ಇಸವಿ ಬರೆದಿರುತ್ತಾರೆ. ಅದು ಕ್ಲಬ್ ಅಲ್ಲಿಗೆ ಬಂದ ವರ್ಷವೇ ಹೊರತು ನಿಮ್ಮ ಕಣ್ಣೆದುರಿನ ಕಟ್ಟಡದ ವಯಸ್ಸಲ್ಲ. ಯಾವ ಭಾಗ ಯಾವ ಕಾಲದ್ದು, ಅದನ್ನು ಹಾಗೇ ಯಾಕೆ ಕಟ್ಟಿದರು, ಯಾವಾಗ ಬದಲಾಯಿಸಿದರು ಎಂಬುದನ್ನು ಕಟ್ಟಡದಿಂದಲೇ ಕಂಡುಹಿಡಿಯುವ ಕ್ರಮ ಇಲ್ಲಿದೆ. ಇಟ್ಟಿಗೆ, ರಿವೆಟ್, ಮೆಟ್ಟಿಲಿನ ಎತ್ತರ, ಮುಚ್ಚಿದ ಬಾಗಿಲು, ಇವೇ ನಿಮ್ಮ ದಾಖಲೆಗಳು. ಕಾಗದಪತ್ರ ಆಮೇಲೆ.

ಈ ಮೈದಾನಗಳ ಮಾತು ಬಂದಾಗಲೆಲ್ಲ ಆರ್ಚಿಬಾಲ್ಡ್ ಲೀಚ್ ಹೆಸರು ಬಂದೇ ಬರುತ್ತದೆ. 1865ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡ ಈತ ಕಾರ್ಖಾನೆಗಳನ್ನು ವಿನ್ಯಾಸ ಮಾಡುತ್ತಿದ್ದ ಎಂಜಿನಿಯರ್. ಗ್ಲಾಸ್ಗೋದ ಐಬ್ರಾಕ್ಸ್, ಕ್ರೇವನ್ ಕಾಟೇಜ್, ಗುಡಿಸನ್ ಪಾರ್ಕ್, ಓಲ್ಡ್ ಟ್ರಾಫರ್ಡ್, ಫ್ರಾಟನ್ ಪಾರ್ಕ್, ವಿಲ್ಲಾ ಪಾರ್ಕ್, ಎಲ್ಲ ಕಡೆಯೂ ಈತನ ಕೈ ಆಡಿದೆ. ಕಾರ್ಖಾನೆಯ ಮನುಷ್ಯ ಎಂಬುದನ್ನು ನೆನಪಿಟ್ಟುಕೊಳ್ಳಿ. ಕಡಿಮೆ ಖರ್ಚು, ಹೆಚ್ಚು ಜನ, ಬೇಗ ಮುಗಿಯುವ ಉಕ್ಕಿನ ಚೌಕಟ್ಟು, ರಸ್ತೆಯ ಕಡೆಗೆ ಮಾತ್ರ ಚಂದದ ಇಟ್ಟಿಗೆ ಮುಖ: ಆತನ ಕಟ್ಟಡಗಳ ಲೆಕ್ಕಾಚಾರ ಇದು.

ಹೊರಡುವ ಮುನ್ನ ನಕ್ಷೆ

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ, ಮೈಲಿಗೆ 25 ಇಂಚಿನ ನಕ್ಷೆಗಳಿಂದ ಶುರು ಮಾಡಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ. ಇಂದಿನ ಉಪಗ್ರಹ ಚಿತ್ರದ ಮೇಲೆ ಹಳೆಯ ನಕ್ಷೆಯನ್ನು ಹಾಸಿ, ಅದನ್ನು ತೆಳುವಾಗಿಸಿ ನೋಡುವ ಸೌಲಭ್ಯವೂ ಅಲ್ಲೇ ಇದೆ. ಪ್ರಮಾಣ 1:2500, ಅಂದರೆ ನಕ್ಷೆಯ ಮೇಲಿನ 1 ಸೆಂ.ಮೀ. ನೆಲದ ಮೇಲೆ 25 ಮೀಟರ್. 105 ಮೀಟರ್ ಉದ್ದದ ಆಟದ ಅಂಗಳ ಕಾಗದದ ಮೇಲೆ 4.2 ಸೆಂ.ಮೀ. ಬರಬೇಕು. ಅದಕ್ಕಿಂತ ತೀರ ಹೆಚ್ಚುಕಡಿಮೆ ಬಂದರೆ ಮುದ್ರಣದಲ್ಲಿ ಪ್ರಮಾಣ ಕೆಟ್ಟಿದೆ ಎಂದರ್ಥ.

ಒಂದೇ ಜಾಗದ ಕನಿಷ್ಠ ಮೂರು ಆವೃತ್ತಿ ತೆಗೆಯಿರಿ: ಮೈದಾನ ಬರುವ ಮೊದಲಿನದು, ಮೊದಲ ಮಹಾಯುದ್ಧದ ಆಸುಪಾಸಿನದು, 1930ರ ದಶಕದ್ದು. ಪ್ರತಿ ಹಾಳೆಯ ಅಂಚಿನಲ್ಲಿ ಸರ್ವೆ ಮಾಡಿದ ವರ್ಷ ಬೇರೆ, ಪ್ರಕಟವಾದ ವರ್ಷ ಬೇರೆ ಇರುತ್ತದೆ. ಬರೆದುಕೊಳ್ಳಬೇಕಾದದ್ದು ಸರ್ವೆಯ ವರ್ಷ. ಈ ಒಂದು ಅಜಾಗರೂಕತೆಯಿಂದ ಸ್ಟ್ಯಾಂಡಿನ ವಯಸ್ಸನ್ನು ಎರಡು ಮೂರು ವರ್ಷ ಆಚೀಚೆ ಬರೆದವರು ಬಹಳ.

ಮೈದಾನ ಯಾಕೆ ಹೀಗೆ ಸೊಟ್ಟಗಿದೆ, ಒಂದು ಬದಿ ಯಾಕೆ ತೀರ ಕಿರಿದು ಎಂಬುದಕ್ಕೆ ಉತ್ತರ ಹೆಚ್ಚಿನ ಸಲ ನಕ್ಷೆಯಲ್ಲೇ ಇರುತ್ತದೆ. ಲಿವರ್‌ಪೂಲಿನ ಗುಡಿಸನ್ ಪಾರ್ಕ್ 1892ರಲ್ಲಿ ತೆರೆಯಿತು. ಅದರ ಒಂದು ಮೂಲೆಯಲ್ಲಿ ಸೇಂಟ್ ಲ್ಯೂಕ್ ಚರ್ಚ್ ಎರಡು ಸ್ಟ್ಯಾಂಡ್‌ಗಳ ನಡುವೆ ಸಿಕ್ಕಿಹಾಕಿಕೊಂಡಂತೆ ನಿಂತಿದೆ. ಹಾಗಾಗಿ ಆ ಮೂಲೆ ಎಂದೂ ಕೂಡಲಿಲ್ಲ. ಲಂಡನ್ನಿನ ಕ್ರೇವನ್ ಕಾಟೇಜಿಗೆ ಒಂದು ಕಡೆ ಥೇಮ್ಸ್ ನದಿ, ಇನ್ನೊಂದು ಕಡೆ ಸ್ಟೀವನೇಜ್ ರಸ್ತೆಯ ಮನೆಗಳ ಸಾಲು. ರಸ್ತೆಯ ಬದಿ ಹಿಂದಕ್ಕೆ ಬೆಳೆಯಲು ಜಾಗವಿರಲಿಲ್ಲ, ಆದ್ದರಿಂದ 1905ರ ಸ್ಟ್ಯಾಂಡ್ ಅಲ್ಲಿ ಉಳಿಯಿತು. ಬೆಳೆಯುವ ಅವಕಾಶವಿದ್ದದ್ದು ನದಿಯ ಕಡೆಗೆ, ಹೊಸ ಕಟ್ಟಡವೆಲ್ಲ ಅಲ್ಲಿಗೆ ಹೋಯಿತು. ಉಳಿದದ್ದು ಯಾಕೆ ಉಳಿಯಿತು ಎಂದು ಕೇಳಿದಾಗ ಮೊದಲು ಜಾಗದ ಇಕ್ಕಟ್ಟನ್ನು ನೋಡಿ, ಅಭಿಮಾನದ ಕಾರಣಗಳನ್ನು ಆಮೇಲೆ ಹುಡುಕಿ.

ನಕ್ಷೆಯ ಜೊತೆಗೆ ಏರೋಫಿಲ್ಮ್ಸ್ ಸಂಸ್ಥೆ 1919ರಿಂದ ವಿಮಾನದಿಂದ ತೆಗೆದ ಓರೆ ನೋಟದ ಚಿತ್ರಗಳನ್ನೂ ನೋಡಿ. ನಕ್ಷೆಯಲ್ಲಿ ಚಾವಣಿಯ ಆಕಾರ ತಿಳಿಯುವುದಿಲ್ಲ, ಇಲ್ಲಿ ತಿಳಿಯುತ್ತದೆ.

ಜೊತೆಗೆ ಒಯ್ಯಬೇಕಾದದ್ದು

5 ಮೀಟರ್ ಅಳತೆ ಟೇಪು, ಚಿಕ್ಕ ಅಯಸ್ಕಾಂತ, ಟಾರ್ಚ್, ಬೈನಾಕ್ಯುಲರ್, ಮುದ್ರಿಸಿದ ನಕ್ಷೆ, ಪೆನ್ಸಿಲ್. ದಪ್ಪ ಬಣ್ಣದ ಪದರಗಳ ಕೆಳಗೆ ಮರ ಯಾವುದು, ಕಬ್ಬಿಣ ಯಾವುದು ಎಂದು ತಿಳಿಯಲು ಅಯಸ್ಕಾಂತಕ್ಕಿಂತ ಸುಲಭದ ದಾರಿ ಇಲ್ಲ. ಬಣ್ಣ ಕೆರೆದು ನೋಡಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಮೇಲಾಗಿ ಸಂರಕ್ಷಿತ ಕಟ್ಟಡವನ್ನು ಹಾಳು ಮಾಡುವುದು ಅಪರಾಧ.

ಪಂದ್ಯದ ದಿನ ಅಳತೆಗೆ ಆಗಿಬರುವುದಿಲ್ಲ. ಪಂದ್ಯವಿಲ್ಲದ ದಿನ ಬೆಳಗ್ಗೆ ಹೊರಗಿನ ಸುತ್ತು ಮುಗಿಸಿ, ಒಳಗಡೆಗೆ ಕ್ಲಬ್ಬಿನ ಪ್ರವಾಸದ ಟಿಕೆಟ್ ತೆಗೆದುಕೊಳ್ಳಿ. ಅಳತೆ ತೆಗೆಯುವುದಿದ್ದರೆ ಮೊದಲೇ ಬರೆದು ಅನುಮತಿ ಕೇಳಿ. ಆಮೇಲೆ ಒಂದು ಪಂದ್ಯಕ್ಕೂ ಹೋಗಿ. ಜನ ತುಂಬಿದಾಗ ಎಲ್ಲಿ ಸಾಲು ಕಟ್ಟಿಕೊಳ್ಳುತ್ತದೆ, ಯಾವ ಮೆಟ್ಟಿಲಲ್ಲಿ ನೂಕುನುಗ್ಗಲಾಗುತ್ತದೆ ಎಂಬುದು ಖಾಲಿ ಕಟ್ಟಡದಲ್ಲಿ ಕಾಣುವುದಿಲ್ಲ.

ಹೊರಗೋಡೆ

ಪೂರ್ತಿ ಒಂದು ಸುತ್ತು ನಡೆಯಿರಿ, ಮೊದಲ ಸುತ್ತಿನಲ್ಲಿ ಏನೂ ಅಳೆಯಬೇಡಿ. ಇಟ್ಟಿಗೆಯ ಬಣ್ಣ, ಗಾರೆಯ ಬಣ್ಣ, ಗೋಡೆಯ ಎತ್ತರ ಎಲ್ಲಿ ಬದಲಾಗುತ್ತದೋ ಅಲ್ಲಿ ನಕ್ಷೆಯ ಮೇಲೆ ಗೆರೆ ಎಳೆಯಿರಿ. ಮೇಲಿಂದ ಕೆಳಗೆ ನೇರವಾಗಿ ಇಳಿಯುವ ಸಂದಿ ಕಂಡರೆ, ಅದರ ಎರಡು ಬದಿಯ ಇಟ್ಟಿಗೆ ವರಸೆಗಳು ಒಂದಕ್ಕೊಂದು ಹೆಣೆದುಕೊಳ್ಳದಿದ್ದರೆ, ಅವು ಬೇರೆ ಬೇರೆ ಹೊತ್ತಿನಲ್ಲಿ ಕಟ್ಟಿದವು.

ಎರಡನೆಯ ಸುತ್ತಿನಲ್ಲಿ ಟೇಪು ತೆಗೆಯಿರಿ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಇಟ್ಟಿಗೆ ಮೆಟ್ರಿಕ್ ಅಳತೆಗೆ ಬಂತು: 215 × 102.5 × 65 ಮಿ.ಮೀ. 10 ಮಿ.ಮೀ. ಗಾರೆ ಸೇರಿದರೆ ನಾಲ್ಕು ವರಸೆಗೆ ಸರಿಯಾಗಿ 300 ಮಿ.ಮೀ. ಅದಕ್ಕೆ ಮೊದಲಿನ ಇಟ್ಟಿಗೆಯಲ್ಲಿ ನಾಲ್ಕು ವರಸೆಗೆ 12 ಇಂಚು, ಅಂದರೆ 305 ಮಿ.ಮೀ. ಉತ್ತರ ಇಂಗ್ಲೆಂಡಿನ ದಪ್ಪ ಇಟ್ಟಿಗೆಯಾದರೆ ನಾಲ್ಕಕ್ಕೆ ಸುಮಾರು 13 ಇಂಚು, 330 ಮಿ.ಮೀ. 300ಕ್ಕೂ 305ಕ್ಕೂ ಇರುವ ವ್ಯತ್ಯಾಸ ನಾಲ್ಕು ವರಸೆಯಲ್ಲಿ ಕೈತಪ್ಪುತ್ತದೆ. ಆದ್ದರಿಂದ 20 ವರಸೆ ಅಳೆಯಿರಿ: ಹೊಸದಾದರೆ 1,500, ಹಳೆಯದಾದರೆ 1,524 ಮಿ.ಮೀ. ಒಂದೇ ಅಳತೆಗೆ ತೀರ್ಮಾನ ಬೇಡ, ಮೂರು ಕಡೆ ತೆಗೆಯಿರಿ. ಹಳೆಯ ಗೋಡೆಗೆ ಹೊಂದಿಕೆಯಾಗಲೆಂದು ಈಗಲೂ ಹಳೆಯ ಅಳತೆಯ ಇಟ್ಟಿಗೆಯಲ್ಲಿ ದುರಸ್ತಿ ಮಾಡುವುದುಂಟು.

ಇಟ್ಟಿಗೆ ಜೋಡಿಸಿದ ರೀತಿಯೂ ಮಾತಾಡುತ್ತದೆ. ಒಂದೇ ವರಸೆಯಲ್ಲಿ ಉದ್ದ ಮುಖ, ಗಿಡ್ಡ ಮುಖ, ಮತ್ತೆ ಉದ್ದ ಮುಖ ಎಂದು ಬಂದರೆ ಅದು ದಪ್ಪನೆಯ ಗಟ್ಟಿ ಗೋಡೆ, ವಿಕ್ಟೋರಿಯಾ ಮತ್ತು ಎಡ್ವರ್ಡ್ ಕಾಲದಲ್ಲಿ ಮಾಮೂಲು. ಬರೀ ಉದ್ದ ಮುಖವೇ ಕಂಡರೆ ನಡುವೆ ಪೊಳ್ಳು ಬಿಟ್ಟ ಎರಡು ತೆಳು ಗೋಡೆ ಇರುವ ಸಂಭವ ಹೆಚ್ಚು. ಅದು ಎರಡು ಮಹಾಯುದ್ಧಗಳ ನಡುವಿನ ಕಾಲದಿಂದ ಬಳಕೆಗೆ ಬಂದದ್ದು.

ಇದನ್ನೆಲ್ಲ ಕಲಿಯಲು ಕ್ರೇವನ್ ಕಾಟೇಜಿನ ಸ್ಟೀವನೇಜ್ ರಸ್ತೆಗಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿದ್ದ ಹಿಂದಿನ ಸ್ಟ್ಯಾಂಡ್ ಸುರಕ್ಷಿತವಲ್ಲ ಎಂದು ಲಂಡನ್ ಕೌಂಟಿ ಕೌನ್ಸಿಲ್ ತಕರಾರು ತೆಗೆದ ಮೇಲೆ ಲೀಚ್ ಬಂದು 1905ರಲ್ಲಿ ಈಗಿನದನ್ನು ಕಟ್ಟಿದ. ರಸ್ತೆಯ ಕಡೆ ಕೆಂಪು ಇಟ್ಟಿಗೆಯ ಉದ್ದನೆಯ ಮುಖ, ಎದುರಿನ ಮನೆಗಳಿಗೆ ಜೊತೆಯಾಗಿ ನಿಲ್ಲುವಂಥದ್ದು. ಚಾವಣಿಯ ನಡುಮಧ್ಯೆ ಫುಲ್‌ಹ್ಯಾಮ್ ಕ್ಲಬ್ಬಿನ ಹೆಸರು ಹೊತ್ತ ತ್ರಿಕೋನ. ಮೂಲೆಯಲ್ಲಿ ಬಾಲ್ಕನಿ ಇರುವ ಚಿಕ್ಕ ಪೆವಿಲಿಯನ್, ಆಟಗಾರರು ಉಡುಪು ಬದಲಿಸುವ ಕೋಣೆಗಳು ಇವತ್ತಿಗೂ ಅದರಲ್ಲೇ ಇವೆ. ‘ಕಾಟೇಜ್’ ಎಂದು ಜನ ಈ ಪೆವಿಲಿಯನ್ನಿಗೆ ಹೇಳುತ್ತಾರೆ, ಆದರೆ ಮೈದಾನಕ್ಕೆ ಹೆಸರು ಕೊಟ್ಟ ಮನೆ ಇದಲ್ಲ. ಆ ಮನೆಯನ್ನು ಕ್ರೇವನ್ ಎಂಬ ಶ್ರೀಮಂತ 1780ರಲ್ಲಿ ಕಟ್ಟಿಸಿದ್ದ, ಅದು 1888ರಲ್ಲಿ ಸುಟ್ಟುಹೋಯಿತು. ಸ್ಟ್ಯಾಂಡ್ ಮತ್ತು ಪೆವಿಲಿಯನ್ ಎರಡೂ 1987ರಲ್ಲಿ ಎರಡನೆಯ ದರ್ಜೆಯ ಸಂರಕ್ಷಿತ ಕಟ್ಟಡಗಳಾದವು. ಸ್ಟ್ಯಾಂಡಿಗೆ ಈಗ ಕ್ಲಬ್ಬಿನ ಹಳೆಯ ಆಟಗಾರ ಜಾನಿ ಹೇನ್ಸ್ ಹೆಸರು, ಅದು 2005ರಲ್ಲಿ ಬಂದದ್ದು. ಹಳೆಯ ಪತ್ರಿಕೆಗಳಲ್ಲಿ ಹುಡುಕುವಾಗ ‘ಸ್ಟೀವನೇಜ್ ರೋಡ್ ಸ್ಟ್ಯಾಂಡ್’ ಎಂದೇ ಹುಡುಕಬೇಕು.

ಗೋಡೆಯಲ್ಲಿ ಏನು ಕೆಡುತ್ತದೆ ಎಂಬುದೂ ವಯಸ್ಸಿನ ಸುಳಿವೇ. ಇಟ್ಟಿಗೆಯ ಒಳಗೆ ಉಕ್ಕಿನ ಕಂಬ ಹುದುಗಿದ್ದು ನೀರು ಇಳಿದರೆ, ತುಕ್ಕು ಉಬ್ಬಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಕಂಬದ ನೇರಕ್ಕೆ ಮೇಲಿಂದ ಕೆಳಗೆ ಬಿರುಕು ಬೀಳುತ್ತದೆ. ಸಮಾನ ಅಂತರದಲ್ಲಿ ಅಂಥ ಬಿರುಕುಗಳು ಕಂಡರೆ ಗೋಡೆಯ ಹಿಂದಿನ ಕಂಬಗಳ ಅಂತರ ನಿಮಗೆ ಪುಕ್ಕಟೆ ಸಿಕ್ಕಿತು. ಇಟ್ಟಿಗೆಯ ಮುಖವೇ ಪದರ ಪದರವಾಗಿ ಉದುರಿ ನಡುವಿನ ಗಾರೆ ಮಾತ್ರ ಗಟ್ಟಿಯಾಗಿ ಮುಂದಕ್ಕೆ ಚಾಚಿದ್ದರೆ, ಸುಣ್ಣದ ಗಾರೆಯ ಹಳೆಯ ಗೋಡೆಗೆ ಯಾರೋ ಸಿಮೆಂಟ್ ತುಂಬಿದ್ದಾರೆ. ಸುಣ್ಣದ ಗಾರೆಯಲ್ಲಿ ಹೊರಬರಬೇಕಿದ್ದ ತೇವ ಇಟ್ಟಿಗೆಯಿಂದಲೇ ಹೊರಬರುತ್ತಾ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಅದನ್ನು ಒಡೆಯುತ್ತದೆ.

ಒಳಹೋಗುವ ಕಿಂಡಿ, ಹೊರಬರುವ ಬಾಗಿಲು

ಒಬ್ಬೊಬ್ಬರನ್ನೇ ಒಳಗೆ ಬಿಡುವ ತಿರುಗುಕಂಬಿಯ ಕಿಂಡಿಗಳು ಹಳೆಯ ಮೈದಾನದ ಬಹು ಮುಖ್ಯ ಭಾಗ. ಟಿಕೆಟ್ ಹಣ ಕೈಗೆ ಬರುತ್ತಿದ್ದುದು ಇಲ್ಲೇ, ಜನರ ಎಣಿಕೆಯೂ ಇಲ್ಲೇ. ಹಳೆಯ ಎರಕದ ಯಂತ್ರಗಳ ಮೇಲೆ ಸಾಲ್ಫರ್ಡಿನ ಎಲಿಸನ್ ಕಂಪನಿಯ ಹೆಸರು ಹುಡುಕಿ. ನೂಕುನುಗ್ಗಲು ತಡೆಯುವ ಯಂತ್ರ ಎಂದೇ ಅವರು ಅದನ್ನು ಮಾರುತ್ತಿದ್ದರು. ಇಟ್ಟಿಗೆ ತುಂಬಿ ಮುಚ್ಚಿದ ಕಿಂಡಿಗಳನ್ನೂ ಎಣಿಸಿ. ಕಲ್ಲಿನ ಅಥವಾ ಕಾಂಕ್ರೀಟಿನ ತಲೆಪಟ್ಟಿ ಮೇಲೆ ಉಳಿದು, ಕೆಳಗೆ ಬೇರೆ ಬಣ್ಣದ ಇಟ್ಟಿಗೆ ಇದ್ದರೆ ಅಲ್ಲೊಂದು ಕಿಂಡಿ ಇತ್ತು.

ಎಣಿಸಿದ ಮೇಲೆ ಲೆಕ್ಕ ಹಾಕಿ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗದರ್ಶಿಯನ್ನು ಎಲ್ಲರೂ ಗ್ರೀನ್ ಗೈಡ್ ಎನ್ನುತ್ತಾರೆ, ಮೊದಲು ಬಂದದ್ದು 1973ರಲ್ಲಿ. ಅದರ ಪ್ರಕಾರ ಒಂದು ಕಿಂಡಿಯಿಂದ ಗಂಟೆಗೆ ಹೆಚ್ಚೆಂದರೆ 660 ಜನ ಎಂದು ಹಿಡಿಯಬೇಕು. ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದ ಲೆಪ್ಪಿಂಗ್ಸ್ ಲೇನ್ ತುದಿಯಲ್ಲಿ 1989ರ ಏಪ್ರಿಲ್ 15ರಂದು ನಿಂತು ನೋಡುವ 10,100 ಜನರಿಗೆ ಇದ್ದದ್ದು 7 ಕಿಂಡಿ. 7 × 660 = 4,620. ಎಲ್ಲರೂ ಒಳಗೆ ಬರಲು ಎರಡು ಗಂಟೆ ಮೀರಿ ಬೇಕು. ಹೊರಗೆ ಒತ್ತಡ ಹೆಚ್ಚಿ, ದೊಡ್ಡ ಬಾಗಿಲು ತೆರೆಸಿ, ಜನ ಇಳಿಜಾರು ಸುರಂಗದ ಮೂಲಕ ಆಗಲೇ ತುಂಬಿದ್ದ ನಡುವಿನ ಕಟಕಟೆಗಳಿಗೆ ನುಗ್ಗಿ, ಮುಂದೆ ಬೇಲಿ ಇದ್ದುದರಿಂದ ಹೊರಬರಲಾಗದೆ ಹೋದರು. ಒಟ್ಟು 97 ಮಂದಿ ಸತ್ತರು. ಕಟ್ಟಡ ಓದಲು ಕಲಿತವರಿಗೆ ಆ ತುದಿಯ ನಕ್ಷೆ ಒಂದೇ ಸಾಕು, ಅಪಾಯ ಎಲ್ಲಿತ್ತೆಂದು ಕಾಣುತ್ತದೆ. ಅಭಿಮಾನಿಗಳ ಮೇಲೆ ತಪ್ಪು ಹೊರಿಸಿದ ಮಾತುಗಳು ಎಷ್ಟು ಅನ್ಯಾಯದವು ಎಂಬುದೂ ಕಾಣುತ್ತದೆ.

ಹೊರಬರುವ ದಾರಿಗೆ ಬೇರೆ ಲೆಕ್ಕ. ಮೆಟ್ಟಿಲಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 66 ಜನ, ಸಮತಟ್ಟು ದಾರಿಯಲ್ಲಿ 82. ಮಾಮೂಲಿ ದಿನ ಎಂಟು ನಿಮಿಷದೊಳಗೆ ಖಾಲಿಯಾಗಬೇಕು. 1.2 ಮೀಟರ್ ಅಗಲದ ಮೆಟ್ಟಿಲ ಸಾಲು ಎಂಟು ನಿಮಿಷದಲ್ಲಿ ಸುಮಾರು 630 ಜನರನ್ನು ಇಳಿಸುತ್ತದೆ. ಸ್ಟ್ಯಾಂಡಿನ ಕುರ್ಚಿ ಎಣಿಸಿ, ಮೆಟ್ಟಿಲ ಅಗಲ ಅಳೆದು ಹೋಲಿಸಿ. ಹಳೆಯ ಸ್ಟ್ಯಾಂಡಿಗೆ ಬೇರೆ ಇಟ್ಟಿಗೆಯಲ್ಲಿ ಅಂಟಿಸಿದ ಮೆಟ್ಟಿಲ ಗೂಡು ಯಾಕಿದೆ ಎಂಬುದು ಆಗ ಅರ್ಥವಾಗುತ್ತದೆ.

ಮೆಟ್ಟಿಲಿನ ಅಗಲದಷ್ಟೇ ಮುಖ್ಯ ಅದರ ಆಕಾರ. ಐಬ್ರಾಕ್ಸಿನಲ್ಲಿ 1971ರ ಜನವರಿ 2ರಂದು ಪಂದ್ಯ ಮುಗಿದು ಜನ ಹೊರಡುವಾಗ 13ನೇ ಮೆಟ್ಟಿಲ ದಾರಿಯಲ್ಲಿ 66 ಮಂದಿ ಸತ್ತರು. ಕಡಿದಾದ, ಉದ್ದನೆಯ, ಎರಡು ಬದಿ ಬೇಲಿ ಇದ್ದ ಇಳಿಜಾರು ಅದು. ಒಬ್ಬ ಬಿದ್ದರೆ ಹಿಂದಿನವರ ಭಾರ ತಡೆಯಲು ನಡುವೆ ಏನೂ ಇರಲಿಲ್ಲ, ಪಕ್ಕಕ್ಕೆ ಸರಿಯಲು ಜಾಗವೂ ಇರಲಿಲ್ಲ. 1972ರ ವೀಟ್ಲಿ ವರದಿ, 1975ರ ಕ್ರೀಡಾಂಗಣ ಸುರಕ್ಷತಾ ಕಾಯ್ದೆ ಎರಡೂ ಇಲ್ಲಿಂದ ಹುಟ್ಟಿದವು. ದಿಕ್ಕು ಮುರಿದು ತಿರುಗುವ ಮೆಟ್ಟಿಲು, ನಡುವೆ ಕೈ ಹಿಡಿದುಕೊಳ್ಳುವ ಕಂಬಿಗಳು ಕಂಡರೆ ಅವು ಬಹುಪಾಲು ಆ ಕಾಯ್ದೆಯ ನಂತರದವು.

ಮೆಟ್ಟಿಲಿನ ಮೇಲೆ ನಿಂತು

ಗೋಲಿನ ಹಿಂದೆ ಜನ ನಿಂತು ನೋಡುತ್ತಿದ್ದ ಮೆಟ್ಟಿಲ ದಿಬ್ಬಗಳಿಗೆ ಮೂಲ ಪ್ರಶ್ನೆ ಒಂದೇ: ಕೆಳಗೆ ಮಣ್ಣಿದೆಯೋ, ಪೊಳ್ಳಿದೆಯೋ? 1902ರ ಏಪ್ರಿಲ್ 5ರಂದು ಐಬ್ರಾಕ್ಸಿನಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಆಡುತ್ತಿದ್ದಾಗ ಉಕ್ಕಿನ ಚೌಕಟ್ಟಿನ ಮೇಲೆ ಹಾಸಿದ್ದ ಮರದ ಹಲಗೆಗಳು ಮುರಿದು ಜನ ಸುಮಾರು 12 ಮೀಟರ್ ಕೆಳಕ್ಕೆ ಬಿದ್ದರು. 25 ಮಂದಿ ಸತ್ತರು, 500ಕ್ಕೂ ಹೆಚ್ಚು ಜನ ಗಾಯಗೊಂಡರು. ಆ ಕಟ್ಟಡ ಲೀಚ್‌ನದೇ. ಅಂದಿನಿಂದ ಎತ್ತರದ ಮರದ ದಿಬ್ಬಗಳ ಕಾಲ ಮುಗಿಯಿತು. ಬೂದಿ, ಕಿಟ್ಟ, ಕಟ್ಟಡದ ಕಸ, ಮಣ್ಣು ಸುರಿದು ಗಟ್ಟಿ ಒಡ್ಡು ಕಟ್ಟಿ ಅದರ ಮೇಲೆ ಮೆಟ್ಟಿಲು ಹಾಸುವುದು ರೂಢಿಯಾಯಿತು. ದಿಬ್ಬದ ಹಿಂಬದಿಗೆ ಹೋಗಿ ನೋಡಿ: ಹುಲ್ಲು ಬೆಳೆದ ಇಳಿಜಾರು ಇದ್ದರೆ ಒಡ್ಡು, ಬಾಗಿಲು ಕಿಟಕಿ ಇದ್ದರೆ ಪೊಳ್ಳು. ಒಡ್ಡಿನ ಕಾಯಿಲೆ ಎಂದರೆ ಕುಸಿತ. ಬೂದಿ ತೊಳೆದುಹೋಗಿ ಮೆಟ್ಟಿಲಿನ ಸಾಲು ಅಲೆಯಂತೆ ಬಾಗುತ್ತದೆ, ತಡೆಕಂಬಿಗಳ ಬುಡ ಸಡಿಲವಾಗುತ್ತದೆ.

ತಡೆಕಂಬಿ ಎಂದರೆ ಜನರ ಅಲೆ ಮುಂದಕ್ಕೆ ನುಗ್ಗದಂತೆ ಮೆಟ್ಟಿಲ ನಡುವೆ ನೆಟ್ಟ ಕಬ್ಬಿಣದ ಅಡ್ಡಪಟ್ಟಿ. ಎತ್ತರ 1.02ರಿಂದ 1.12 ಮೀಟರ್ ನಡುವೆ ಇರಬೇಕು, ಎದೆಗೂಡಿಗೆ ಒತ್ತದೆ ಸೊಂಟದ ಮೇಲೆ ಭಾರ ಬೀಳಲಿ ಎಂದು. ಹಳೆಯವು ಇದಕ್ಕಿಂತ ತಗ್ಗಿರಬಹುದು ಅಥವಾ ಮೆಟ್ಟಿಲಿಗೆ ಕಾಂಕ್ರೀಟ್ ಏರಿಸಿದ ಮೇಲೆ ತಗ್ಗಾಗಿರಬಹುದು. ಅಳೆದು ನೋಡಿ. ಕೆಟ್ಟರೆ ಬುಡದಲ್ಲೇ ಕೆಡುತ್ತದೆ, ಕಂಬ ಕಾಂಕ್ರೀಟಿಗೆ ಇಳಿಯುವ ಜಾಗದಲ್ಲಿ ನೀರು ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ, ಮೇಲೆ ಬಣ್ಣ ಮಾತ್ರ ಹೊಸದಾಗಿ ಹೊಳೆಯುತ್ತಿರುತ್ತದೆ.

ಹಿಲ್ಸ್‌ಬರೋ ನಂತರ 1990ರ ಜನವರಿಯಲ್ಲಿ ಬಂದ ಟೇಲರ್ ವರದಿಯ ಫಲವಾಗಿ ಇಂಗ್ಲೆಂಡಿನ ಮೇಲಿನ ಎರಡು ವಿಭಾಗಗಳ ಮೈದಾನಗಳು 1994ರ ಆಗಸ್ಟ್ ಹೊತ್ತಿಗೆ ಪೂರ್ತಿ ಕುರ್ಚಿಯವಾಗಬೇಕಾಯಿತು. ಹಣವಿದ್ದವರು ಹೊಸ ಸ್ಟ್ಯಾಂಡ್ ಕಟ್ಟಿದರು. ಇಲ್ಲದವರು ಹಳೆಯ ಮೆಟ್ಟಿಲಿಗೇ ಕುರ್ಚಿ ಬಿಗಿದರು. ಎರಡು ಮೆಟ್ಟಿಲಿಗೆ ಒಂದು ಕುರ್ಚಿ ಸಾಲು ಬಂದಿದ್ದರೆ ಅದು ಹೀಗೆ ಮಾರ್ಪಟ್ಟ ದಿಬ್ಬ. ಕುಳಿತು ನೋಡಿದರೆ ಮುಂದಿನವರ ತಲೆ ಅಡ್ಡ ಬರುತ್ತದೆ. ಯಾಕೆಂದು ತಿಳಿಯಲು ನೋಟದ ರೇಖೆಯ ಲೆಕ್ಕ ಮಾಡಬೇಕು. ಹಳೆಯ ಸ್ಟ್ಯಾಂಡನ್ನು ಓದುವವರು ಇದೊಂದು ಸೂತ್ರವನ್ನಾದರೂ ಕೈವಶ ಮಾಡಿಕೊಳ್ಳಲೇಬೇಕು.

ಮುಂದಿನ ಸಾಲಿನವರ ಕಣ್ಣಿನಿಂದ ಹತ್ತಿರದ ಗಡಿಗೆರೆಗೆ ಅಡ್ಡ ದೂರವನ್ನು ‘ದೂ’ ಎನ್ನೋಣ, ಅದೇ ಕಣ್ಣು ಅಂಗಳದ ಮಟ್ಟದಿಂದ ಎಷ್ಟು ಮೇಲಿದೆ ಎಂಬುದು ‘ಎ’, ಸಾಲಿನ ಅಗಲ ‘ಅ’, ಸಾಲಿನಿಂದ ಸಾಲಿಗೆ ಏರುವ ಎತ್ತರ ‘ಏ’. ದೂ × (ಏ + ಎ) ÷ (ದೂ + ಅ), ಅದರಿಂದ ಎ ಕಳೆಯಿರಿ. ಬಂದದ್ದು ಹಿಂದಿನವರ ನೋಟ ಮುಂದಿನವರ ಕಣ್ಣಿನಿಂದ ಎಷ್ಟು ಮೇಲೆ ಹಾಯುತ್ತದೆ ಎಂಬ ಅಳತೆ. 90 ಮಿ.ಮೀ. ಬಂದರೆ ಚೆನ್ನಾಗಿದೆ, 60ಕ್ಕಿಂತ ಕಡಿಮೆಯಾದರೆ ಕತ್ತು ಓರೆ ಮಾಡಿಯೇ ನೋಡಬೇಕು. ಕುಳಿತವರ ಕಣ್ಣು ಕಾಲಿಟ್ಟ ಮಟ್ಟದಿಂದ ಸುಮಾರು 1.2 ಮೀಟರ್ ಮೇಲೆ ಎಂದು ಹಿಡಿಯಿರಿ.

35 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಹಳೆಯ ಮೆಟ್ಟಿಲು ಎರಡು ಸೇರಿ ಒಂದು ಸಾಲಾಗಿದೆ ಎನ್ನಿ. ಅ = 0.70, ಏ = 0.20. ಕಣ್ಣು ಗಡಿಗೆರೆಯಿಂದ 15 ಮೀಟರ್ ದೂರ, 3.5 ಮೀಟರ್ ಮೇಲೆ. 15 × 3.70 ÷ 15.70 = 3.535. ಕಳೆದರೆ 35 ಮಿ.ಮೀ. ಅಷ್ಟರಲ್ಲಿ ಹತ್ತಿರದ ಗೆರೆ ಕಾಣುವುದಿಲ್ಲ. ಮೆಟ್ಟಿಲು 10ರ ಬದಲು 12.5 ಸೆಂ.ಮೀ. ಎತ್ತರವಿದ್ದರೆ ಅದೇ ಜಾಗದಲ್ಲಿ 83 ಮಿ.ಮೀ. ಬರುತ್ತದೆ. ಮೆಟ್ಟಿಲಿಗೆ ಎರಡೂವರೆ ಸೆಂ.ಮೀ. ಹೆಚ್ಚುಕಡಿಮೆಯಾದರೆ ಇಡೀ ಸ್ಟ್ಯಾಂಡಿನ ಹಣೆಬರಹವೇ ಬದಲಾಗುತ್ತದೆ. ನಿಂತು ನೋಡುವವರು ತಲೆ ಸರಿಸಿ, ಪಕ್ಕಕ್ಕೆ ಹೆಜ್ಜೆಯಿಟ್ಟು ನೋಡುತ್ತಿದ್ದ ಕಾಲದ ಮೆಟ್ಟಿಲು ಅವು, ಕುಳಿತವರಿಗಾಗಿ ಮಾಡಿದ್ದಲ್ಲ. ಹಾಗೆಂದು ಕಡಿದಾಗಿಸುತ್ತಾ ಹೋಗುವಂತಿಲ್ಲ, ಕುರ್ಚಿಯ ಸಾಲುಗಳ ಇಳಿಜಾರಿಗೆ 34 ಡಿಗ್ರಿ ಮಿತಿ.

ಮುಂದೆ ಕಂಬಿ ಇರುವ ಕುರ್ಚಿಗಳ ಸಾಲು ಕಂಡರೆ ಅದು ತೀರ ಈಚಿನದು. ನಿಂತು ನೋಡಲು ಪರವಾನಗಿ ಮತ್ತೆ ಪ್ರಯೋಗವಾಗಿ ಬಂದದ್ದು 2022ರ ಜನವರಿಯಲ್ಲಿ.

ಕಂಬ, ತೊಲೆ, ಚಾವಣಿ

ಎರಕದ ಕಬ್ಬಿಣದ ಕಂಬ ಸಾಮಾನ್ಯವಾಗಿ ಗುಂಡಗೆ, ಪೊಳ್ಳಾಗಿ, ತಲೆಯ ಬಳಿ ಸ್ವಲ್ಪ ಅಲಂಕಾರದೊಂದಿಗೆ ಇರುತ್ತದೆ. ಎದುರುಬದುರು ಎರಡು ಕಡೆ ಅಚ್ಚು ಕೂಡಿದ ಸಣ್ಣ ಏಣು ಬೆರಳಿಗೆ ತಗಲುತ್ತದೆ. ಉಕ್ಕಿನದಾದರೆ ಚೂಪು ಅಂಚಿನ ಪಟ್ಟಿಗಳು, ಕೋನಗಳು, ಅವನ್ನು ಸೇರಿಸಿದ ರಿವೆಟ್‌ಗಳು. ರಿವೆಟ್ಟಿನ ತಲೆ ಎರಡು ಬದಿಯೂ ಗುಂಡಗಿರುತ್ತದೆ. ರಿವೆಟ್ ಸಾಲಿನ ನಡುವೆ ಒಂದೆರಡು ಕಡೆ ಆರು ಮೂಲೆಯ ಬೋಲ್ಟ್ ಮತ್ತು ನಟ್ ಕಂಡರೆ ಅಲ್ಲಿ ದುರಸ್ತಿ ಆಗಿದೆ. ಇಡೀ ಚೌಕಟ್ಟೇ ಬೆಸುಗೆಯದಾದರೆ ಎರಡನೆಯ ಮಹಾಯುದ್ಧದ ಆಚೆಯದು ಎಂದುಕೊಂಡು ಮುಂದುವರಿಯಿರಿ. ತೊಲೆಯ ಮೈಮೇಲೆ ಉಬ್ಬಿದ ಅಕ್ಷರಗಳಲ್ಲಿ ‘ಡಾರ್ಮನ್ ಲಾಂಗ್’ ಮುಂತಾದ ಹೆಸರು ಇರಬಹುದು. ಅದು ಉಕ್ಕು ಕಾಸಿ ಉರುಳಿಸಿದ ಗಿರಣಿಯ ಹೆಸರು. ಅದರಿಂದ ವಿನ್ಯಾಸಕಾರ ಯಾರೆಂದು ಹೇಳಲಾಗದು, ವರ್ಷವನ್ನೂ ಹೇಳಲಾಗದು.

ಬಾಲ್ಕನಿಯ ಮುಂಭಾಗದಲ್ಲಿ ಅಡ್ಡಡ್ಡ ಗುಣಿಸು ಚಿಹ್ನೆಯಂತೆ ಹೆಣೆದ ಉಕ್ಕಿನ ಪಟ್ಟಿ ಲೀಚ್‌ನ ಗುರುತು. ಐಬ್ರಾಕ್ಸಿನ ಮುಖ್ಯ ಸ್ಟ್ಯಾಂಡ್, ಗುಡಿಸನ್ನಿನ ಬುಲ್ಲೆನ್ಸ್ ರೋಡ್ ಸ್ಟ್ಯಾಂಡ್, ಪೋರ್ಟ್ಸ್‌ಮತ್ತಿನ ಫ್ರಾಟನ್ ಪಾರ್ಕಿನ ದಕ್ಷಿಣ ಸ್ಟ್ಯಾಂಡ್ ನೋಡಿ. ಅಲಂಕಾರ ಎಂದು ತಳ್ಳಿಹಾಕಬೇಡಿ, ಮೇಲಂತಸ್ತಿನ ಅಂಚನ್ನು ಗಟ್ಟಿ ಹಿಡಿಯುವ ಕಟ್ಟು ಅದು. ಕ್ಲಬ್ಬಿನ ಬಣ್ಣ ಬಳಿದ ಮೇಲೆ ಅಂದವೂ ಕೂಡಿ ಬಂತು. ಆದರೆ ಅಂಥ ಹೆಣಿಗೆ ಕಂಡ ಕೂಡಲೇ ಲೀಚ್ ಎಂದು ಬರೆಯುವುದೂ ತಪ್ಪು, ಇದ್ದದ್ದನ್ನು ನೋಡಿ ಆಮೇಲೆ ಅನುಕರಿಸಿದವರೂ ಇದ್ದಾರೆ. ಕಾಗದದ ಸಾಕ್ಷಿ ಸಿಗುವವರೆಗೆ ‘ಲೀಚ್ ಮಾದರಿ’ ಎಂದಷ್ಟೇ ಬರೆಯಿರಿ.

ಚಾವಣಿಯ ಕಂಬಗಳು ನೋಟಕ್ಕೆ ಅಡ್ಡ ಎಂದು ಎಲ್ಲರೂ ಬೈಯುತ್ತಾರೆ. ಎಷ್ಟು ಅಡ್ಡ ಎಂದು ಅಳೆದು ಹೇಳಿ. ನಿಮ್ಮಿಂದ 5 ಮೀಟರ್ ದೂರದ 25 ಸೆಂ.ಮೀ. ಅಗಲದ ಕಂಬ, 50 ಮೀಟರ್ ದೂರದಲ್ಲಿ ಸುಮಾರು 2.5 ಮೀಟರ್ ಮರೆಮಾಡುತ್ತದೆ. ಗೋಲಿನ ಅಗಲ 7.32 ಮೀಟರ್. ಮುಂದೆ ಕಂಬವೇ ಇಲ್ಲದೆ ಹಿಂದಿನಿಂದ ಚಾಚಿಕೊಂಡು ನಿಲ್ಲುವ ಚಾವಣಿ ಬ್ರಿಟನ್ನಿನ ಫುಟ್‌ಬಾಲಿಗೆ ಬಂದದ್ದು 1958ರಲ್ಲಿ, ಸ್ಕನ್‌ಥಾರ್ಪಿನ ಓಲ್ಡ್ ಶೋ ಗ್ರೌಂಡಿನಲ್ಲಿ. 1961ರಲ್ಲಿ ಹಿಲ್ಸ್‌ಬರೋದ ಉತ್ತರ ಸ್ಟ್ಯಾಂಡ್ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿತು.

ಐಬ್ರಾಕ್ಸಿನಲ್ಲಿ ಮೂರನೆಯ ದಾರಿ ಕಾಣುತ್ತದೆ. 1929ರ ಜನವರಿ 1ರಂದು ತೆರೆದ ಕೆಂಪು ಇಟ್ಟಿಗೆಯ ಮುಖ್ಯ ಸ್ಟ್ಯಾಂಡನ್ನು ಕೆಡವದೆ, 1991ರಲ್ಲಿ ಅದರ ತಲೆಯ ಮೇಲೆ ಇನ್ನೊಂದು ಅಂತಸ್ತು ಏರಿಸಿದರು. ಹೊಸ ಭಾರ ಹಳೆಯ ಚೌಕಟ್ಟಿನ ಮೇಲೆ ಬೀಳದಂತೆ ತುದಿಗಳಲ್ಲಿ ಆಸರೆ ಕೊಟ್ಟು ಭಾರಿ ತೊಲೆ ಕೂರಿಸಿದ್ದಾರೆ. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದರೆ ಇಟ್ಟಿಗೆಯ ಮುಖ ಎಲ್ಲಿ ಮುಗಿಯುತ್ತದೆ, 1991 ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಸ್ಪಷ್ಟ.

ಚಾವಣಿಯ ಹೊದಿಕೆಗೆ ಬೈನಾಕ್ಯುಲರ್ ಬೇಕು. ಅಲೆಅಲೆಯಾದ ಕಬ್ಬಿಣದ ತಗಡಿನಲ್ಲಿ ಅಲೆಯಿಂದ ಅಲೆಗೆ ಸಾಮಾನ್ಯವಾಗಿ 3 ಇಂಚು. ಅದರ ಸುಮಾರು ಎರಡರಷ್ಟು ಅಗಲದ ಅಲೆಯ, ಬೂದು ಬಣ್ಣದ, ಪಾಚಿ ಹಿಡಿದ ಹಾಳೆ ಕಂಡರೆ ಕಲ್ನಾರು ಎಂದೇ ಭಾವಿಸಿ ದೂರವಿರಿ. ಬ್ರಿಟನ್ನಿನಲ್ಲಿ ಕಲ್ನಾರು ಪೂರ್ತಿ ನಿಷೇಧವಾದದ್ದು 1999ರಲ್ಲಿ. ಮುಟ್ಟಬೇಡಿ, ಬಿದ್ದ ಚೂರನ್ನು ಎತ್ತಿಕೊಳ್ಳಬೇಡಿ.

ಮರದ ಸ್ಟ್ಯಾಂಡ್ ಆದರೆ ನೆಲದ ಹಲಗೆಗಳ ಕೆಳಗೆ ಏನಿದೆ ಎಂದು ಕಡ್ಡಾಯವಾಗಿ ಕೇಳಿ. 1985ರ ಮೇ 11ರಂದು ಬ್ರಾಡ್‌ಫರ್ಡಿನ ವ್ಯಾಲಿ ಪರೇಡಿನಲ್ಲಿ ಹಲಗೆಯ ಸಂದಿಯಿಂದ ಬಿದ್ದ ಕಿಡಿ ಕೆಳಗೆ ವರ್ಷಗಟ್ಟಲೆ ಕೂಡಿದ್ದ ಕಸಕ್ಕೆ ಹತ್ತಿಕೊಂಡು, ಡಾಂಬರು ಹೊದಿಕೆಯ ಮರದ ಚಾವಣಿಗೆ ಏರಿ, ಕೆಲವೇ ನಿಮಿಷಗಳಲ್ಲಿ ಇಡೀ ಸ್ಟ್ಯಾಂಡನ್ನು ಆವರಿಸಿತು. ಆ ಕಸದಲ್ಲಿ 1968ರ ಪತ್ರಿಕೆಯೊಂದೂ ಸಿಕ್ಕಿತ್ತು. ಹಿಂಬದಿಯ ಬಾಗಿಲುಗಳಿಗೆ ಬೀಗ ಬಿದ್ದಿತ್ತು. 56 ಮಂದಿ ಸತ್ತರು. ಇವತ್ತು ಉಳಿದಿರುವ ಮರದ ಸ್ಟ್ಯಾಂಡ್‌ಗಳ ತಳ ಮುಚ್ಚಿರುವುದು, ಬಾಗಿಲುಗಳ ಬಳಿ ಸಿಬ್ಬಂದಿ ನಿಂತಿರುವುದು ಇದಕ್ಕಾಗಿ. ಕ್ರೇವನ್ ಕಾಟೇಜಿನ ಹಳೆಯ ಮರದ ಮಡಿಚು ಕುರ್ಚಿಗಳ ಮೇಲೆ ಕುಳಿತಾಗ ಕಾಲ ಕೆಳಗಿನ ನೆಲವನ್ನೂ ಒಮ್ಮೆ ಗಮನಿಸಿ.

ಕಾಗದದೊಡನೆ ತಾಳೆ

ಈಗ ಕಾಗದಕ್ಕೆ ಬನ್ನಿ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯನ್ನು ಹಿಸ್ಟಾರಿಕ್ ಇಂಗ್ಲೆಂಡ್ ಜಾಲತಾಣದಲ್ಲಿ ನೋಡಬಹುದು. ಸ್ಕಾಟ್ಲೆಂಡಿನಲ್ಲಿ ದರ್ಜೆಗಳು ಎ, ಬಿ, ಸಿ. ಐಬ್ರಾಕ್ಸಿನ ಮುಖ್ಯ ಸ್ಟ್ಯಾಂಡ್ ಬಿ. ಪಟ್ಟಿಯಲ್ಲಿ ಯಾವ ಭಾಗ ಸೇರಿದೆ, ಯಾವುದು ಸೇರಿಲ್ಲ ಎಂದು ಓದಿ. ಒಂದು ಸ್ಟ್ಯಾಂಡ್ ಸಂರಕ್ಷಿತವೆಂದರೆ ಮೈದಾನವೆಲ್ಲ ಸಂರಕ್ಷಿತ ಎಂದಲ್ಲ. ಲಂಡನ್ನಿನ ಹೈಬರಿಯಲ್ಲಿ 1936ರ ಪೂರ್ವ ಸ್ಟ್ಯಾಂಡ್ 1997ರಲ್ಲಿ ಎರಡನೆಯ ದರ್ಜೆ ಪಡೆಯಿತು. 2006ರಲ್ಲಿ ಆರ್ಸೆನಲ್ ಅಲ್ಲಿಂದ ಹೋದ ಮೇಲೆ ಆ ಮುಖ ಉಳಿದು, ಹಿಂದೆ ವಾಸದ ಫ್ಲಾಟ್‌ಗಳು ಬಂದವು. ಗೋಲುಗಳ ಹಿಂದಿನ ಎರಡು ಸ್ಟ್ಯಾಂಡ್‌ಗಳು ನೆಲಸಮವಾದವು, ಆಟದ ಅಂಗಳ ತೋಟವಾಯಿತು.

ಮೂಲ ವಿನ್ಯಾಸದ ಹಾಳೆಗಳು ಸ್ಥಳೀಯ ದಾಖಲೆ ಕಚೇರಿಯಲ್ಲಿ, ಕಟ್ಟಡ ಪರವಾನಗಿಗೆ ಸಲ್ಲಿಸಿದ ಕಡತಗಳಲ್ಲಿ ಇರುತ್ತವೆ. ಗ್ಲಾಸ್ಗೋದಲ್ಲಿ ಡೀನ್ ಆಫ್ ಗಿಲ್ಡ್ ನ್ಯಾಯಾಲಯದ ಕಡತಗಳನ್ನು ನಗರದ ದಾಖಲೆ ಸಂಗ್ರಹದಲ್ಲಿ ಕೇಳಿ. ಹುಷಾರಾಗಿರಬೇಕಾದದ್ದು ಒಂದೇ: ಸಲ್ಲಿಸಿದ್ದೆಲ್ಲ ಕಟ್ಟಿದ್ದಲ್ಲ. ಹಣ ಸಾಲದೆ ಅರ್ಧ ಕಟ್ಟಿ ಬಿಟ್ಟದ್ದು ಬೇಕಾದಷ್ಟಿದೆ. ಹಾಳೆಯಲ್ಲಿನ ಕಂಬಗಳ ಸಂಖ್ಯೆಯನ್ನು ನೀವು ಎಣಿಸಿದ್ದರ ಜೊತೆ ತಾಳೆ ನೋಡಿ. ಪತ್ರಿಕೆಗಳಲ್ಲಿ ಬರುವ ‘ಇಷ್ಟು ಸಾವಿರ ಜನ ಹಿಡಿಯುತ್ತದೆ’ ಎಂಬ ಮಾತು ತೆರೆಯುವ ಮುನ್ನ ಹೇಳಿದ್ದಾದರೆ ಅದು ಆಸೆ, ಲೆಕ್ಕವಲ್ಲ. ಪಂದ್ಯದ ದಿನ ಕಿಂಡಿಗಳಲ್ಲಿ ಎಣಿಸಿದ ಸಂಖ್ಯೆ, ಉದಾಹರಣೆಗೆ 1939ರ ಜನವರಿ 2ರಂದು ಐಬ್ರಾಕ್ಸಿನಲ್ಲಿ ದಾಖಲಾದ 1,18,567, ಬೇರೆ ಬಗೆಯ ಸಾಕ್ಷ್ಯ. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬೇಡಿ.

ಕೊನೆಯಲ್ಲಿ ನೆಲನಕ್ಷೆ ಬರೆದು, ಭಾಗಗಳಿಗೆ ಕಾಲಕ್ಕೊಂದು ಬಣ್ಣ ಹಚ್ಚಿ: 1914ರ ಮೊದಲು, ಯುದ್ಧಗಳ ನಡುವೆ, 1945ರಿಂದ 1975, 1975ರಿಂದ 1990, ಅದರ ನಂತರ. ಈ ಗಡಿಗಳು ಕಟ್ಟುವ ರೀತಿ ಮತ್ತು ಕಾಯ್ದೆ ಬದಲಾದ ವರ್ಷಗಳಿಗೆ ಹೊಂದುತ್ತವೆ. ಪ್ರತಿ ಭಾಗಕ್ಕೂ ಯಾವ ಆಧಾರದ ಮೇಲೆ ಆ ಬಣ್ಣ ಎಂದು ಬರೆಯಿರಿ: ನಕ್ಷೆ, ಅಳತೆ, ಚಿತ್ರ ಅಥವಾ ಕಡತ. ಬರೀ ನೋಟದಿಂದ ಹೇಳಿದ್ದಾದರೆ ಪೆನ್ಸಿಲಿನಲ್ಲಿ ಇರಲಿ. ಚಿತ್ರಗಳ ಹೆಸರಿನಲ್ಲಿ ಸ್ಟ್ಯಾಂಡಿನ ಹಳೆಯ ಹೆಸರು, ನಿಂತ ದಿಕ್ಕು, ತಾರೀಖು ಮೂರೂ ಇರಲಿ. ಗುಡಿಸನ್ನಿನಲ್ಲಿ ಎವರ್ಟನ್ ಪುರುಷರ ತಂಡದ ಕೊನೆಯ ಪಂದ್ಯ 2025ರ ಮೇ 18ರಂದು ಮುಗಿದ ಮೇಲೆ ಅಲ್ಲಿ ಮಹಿಳಾ ತಂಡ ಆಡುತ್ತಿದೆ. ಬುಲ್ಲೆನ್ಸ್ ರೋಡ್, ಗ್ಲಾಡಿಸ್ ಸ್ಟ್ರೀಟ್ ಸ್ಟ್ಯಾಂಡ್‌ಗಳನ್ನು ಅಳೆಯಬೇಕೆಂದಿದ್ದವರು ಅದನ್ನೇ ಪಟ್ಟಿಯ ಮೊದಲಿಗೆ ಹಾಕಿಕೊಳ್ಳಲಿ.